ಹದಿಮೂರನೇ ಕಂತು ಮತ್ತು ಉಗ್ರಾಣದ ಬಾಗಿಲು

ಹೆಡತಲೆಯ ಬಸವಪ್ರಸಾದ್ ಮೇಷ್ಟ್ರು ಸರ್ವಮಂಗಳಾಳನ್ನು ಮೊದಲು ಕಂಡದ್ದು ಮೂಗೂರಿನ ಅವಳ ಮನೆಯ ಪಡಸಾಲೆಯಲ್ಲಿ, ಹೆಣ್ಣು ನೋಡಲು ಹೋದ ಭಾನುವಾರ. ಹಸಿರು ಸೀರೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಮೇಷ್ಟ್ರು ತಟ್ಟೆ ತೆಗೆದುಕೊಂಡು, ಬದಲಿಗೆ ತಮ್ಮ ಪತ್ತೇದಾರಿ ಕಥೆ ಅಚ್ಚಾಗಿದ್ದ ವಾರಪತ್ರಿಕೆ ಕೊಟ್ಟರು. ಉಪ್ಪಿಟ್ಟು ಮುಗಿಯುವುದರೊಳಗೆ ಆಕೆ ಮೂರನೇ ಪುಟದ ಮೇಲೆ ಬೆರಳಿಟ್ಟು ಕೇಳಿದಳು: “ಕೊಲೆ ಮಾಡಿದ್ದು ಪೋಸ್ಟ್‌ಮಾಸ್ಟರ್ ಅಲ್ವಾ?”

ಕಥೆ ಇದ್ದದ್ದು ಹನ್ನೊಂದು ಪುಟ!

ಮದುವೆಯೇನೋ ಆಯಿತು. ಜೊತೆಗೆ ಮೇಷ್ಟ್ರ ಶಪಥವೂ ಆಯಿತು: ಈಕೆ ಬಿಡಿಸಲಾರದ ರಹಸ್ಯವೊಂದನ್ನು ಬರೆದೇ ತೀರುವೆ! ಆರು ವರ್ಷಗಳ ಬಳಿಕ ಆ ಮಹಾಕೃತಿ ಧಾರಾವಾಹಿಯಾಗಿ ಹೊರಟಿತು. ಹೊರಗಿನಿಂದ ಬೀಗ ಹಾಕಿದ, ಕಿಟಕಿಯೇ ಇಲ್ಲದ ಉಗ್ರಾಣದಿಂದ ಕಳ್ಳ ಮಾಯ. ಬೀಗ ಹಾಗೇ ಇದೆ. ಅವನನ್ನು ಹುಡುಕಲು ಗುರುಗ್ರಹದಿಂದ ಇಳಿದಿದ್ದಾನೆ, ಮೂರು ಕಿವಿಯ, ಮುದ್ದೆಪ್ರಿಯ ಪತ್ತೇದಾರ! ಹನ್ನೆರಡು ಕಂತು ಓದಿದರೂ ಸರ್ವಮಂಗಳಾ ತುಟಿ ಬಿಚ್ಚಲಿಲ್ಲ. “ಸೋತೆಯಾ?” ಎಂದು ಮೇಷ್ಟ್ರು ದಿನವೂ ಮೀಸೆ ತಿರುವಿದರು. ತೊಡಕು ಒಂದೇ. ಕಳ್ಳ ಹೇಗೆ ಹೊರಬಿದ್ದನೆಂಬುದು ಮೇಷ್ಟ್ರಿಗೂ ಗೊತ್ತಿರಲಿಲ್ಲ!

ಕೊನೆಯ ಕಂತು ಇವತ್ತು ಸಂಜೆ ಐದು ಗಂಟೆಗೆ ಬಾರದಿದ್ದರೆ ಇನ್ನು ನಿಮ್ಮ ಧಾರಾವಾಹಿಯೇ ಬೇಡ ಎಂದರು ಸಂಪಾದಕರು.

“ನನ್ನನ್ನ ನಮ್ಮ ಉಗ್ರಾಣಕ್ಕೆ ಹಾಕಿ ಬೀಗ ಜಡಿ. ಕಳ್ಳನ ಮನಸ್ಸು ಹೊಕ್ಕು ಬರ್ತೀನಿ!” ಎಂದರು ಮೇಷ್ಟ್ರು ಹೆಂಡತಿಗೆ.

“ಸಂಘದ ಮೀಟಿಂಗಿಗೆ ನರಸೀಪುರಕ್ಕೆ ಹೋಗ್ಬೇಕು ಕಣ್ರೀ.”

“ಹೋಗು! ಬೀಗದ ಕೈ ತಗೊಂಡೇ ಹೋಗು!”

ಆಕೆ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ಇಟ್ಟು, ಹೊರಗಿನಿಂದ ಬೀಗ ಹಾಕಿ ಹೋದಳು. ಮೂರಕ್ಕೆ ಚೊಂಬು ಖಾಲಿ, ಹಾಳೆಯೂ ಖಾಲಿ. ನಾಲ್ಕಕ್ಕೆ ಉಳಿದದ್ದು ಸಾಹಿತ್ಯದ ಪ್ರಶ್ನೆಯಲ್ಲ, ಬಚ್ಚಲಿನ ಪ್ರಶ್ನೆ! ಮೇಷ್ಟ್ರು ಫೋನ್ ಮಾಡಿದರು.

“ಮಂಗಳಾ, ಎಲ್ಲಿದ್ದೀಯ? ತಡ್ಕೊಳ್ಳಕ್ಕಾಗ್ತಿಲ್ಲ!”

“ಬಸ್ಸೇ ಬಂದಿಲ್ಲ ಕಣ್ರೀ. ಮೂಲೇಲಿ ಹಾರೆ ಅದಲ್ಲ, ಕದದ ಅಡಿಗೆ ಕೊಟ್ಟು ಮೀಟಿ. ಕದ ತಿರುಗೋ ಗೂಟ ಕಲ್ಲಿನ ಕುಳಿಯಿಂದ ಮ್ಯಾಕ್ಕೆ ಬತ್ತದೆ. ಕದ ವಾರೆ ಮಾಡ್ಕೊಂಡು ಆಚೆ ಬನ್ನಿ.”

“ಬೀಗ?”

“ಅದರ ಪಾಡಿಗೆ ಅದಿರ್ತದೆ. ಗೌರಿ ಹಬ್ಬಕ್ಕೆ ನಾನೂ ಅತ್ತೆಮ್ಮನೂ ವರ್ಸ ವರ್ಸ ಹಂಗೇ ಕದ ಇಳಿಸಿ ತೊಳಿಯಲ್ವಾ? ನೀವಾಗ ಜಗಲೀಲಿ ಕೂತು ಬರೀತಿರ್ತೀರ.”

ಮೇಷ್ಟ್ರು ಮೀಟಿದರು. ಕದ ಎದ್ದಿತು. ಓಡಿದರು! ಹಗುರಾಗಿ ವಾಪಸ್ ಬರುವಾಗ ಬಾಗಿಲಲ್ಲಿ ನೇತಾಡುತ್ತಿದ್ದ ಬೀಗ ಕಂಡು ತಲೆಯಲ್ಲಿ ದೀಪ ಹತ್ತಿತು. ಮತ್ತೆ ಫೋನ್.

“ಮಂಗಳಾ! ನನ್ನ ಕಳ್ಳನೂ ಹಿಂಗೇ...?”

“ಮೊದಲ್ನೇ ಕಂತಲ್ಲೇ ಗೊತ್ತಾಯ್ತು ಕಣ್ರೀ.”

“ಮತ್ತೆ ಹೇಳ್ಬಾರದಾ?”

“ಅಷ್ಟು ಖುಷಿಯಾಗಿ ಮೀಸೆ ತಿರುವ್ತಿದ್ರಿ. ಯಾಕೆ ಕೆಡಿಸೋದು ಅಂತ ಸುಮ್ನಾದೆ.”

ಐದಕ್ಕೆ ಎರಡು ನಿಮಿಷವಿರುವಾಗ ಕಂತು ಹೋಯಿತು.

ಬಸವಪ್ರಸಾದ್ ಮೇಷ್ಟ್ರು ಈಗ ಚಿಕ್ಕಯ್ಯನಛತ್ರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ, ವರ್ಷಕ್ಕೊಂದು ಪತ್ತೇದಾರಿ ಕಾದಂಬರಿ ಬರೆಯುತ್ತಾರೆ, ಗೌರಿ ಹಬ್ಬಕ್ಕೆ ಕದ ಇಳಿಸಿ ತೊಳೆಯುತ್ತಾರೆ.