ಪಟ್ಟಿಯಲ್ಲಿಲ್ಲದ ಬೀದಿ

ಕೆಳಬೀದಿಗೆ ನೀರು ತರುತ್ತಿದ್ದ ಪೈಪನ್ನು ನೀರು ಸರಬರಾಜು ಕಚೇರಿಯವರು ಅಗೆದು ತೆಗೆದು ಹೊಸ ಬಡಾವಣೆಗೆ ಜೋಡಿಸಿದರು. ಕೆಳಬೀದಿಯವರನ್ನು ಕೇಳಲಿಲ್ಲ.

ಅದೇ ಕಚೇರಿಯಲ್ಲಿ ದುಡಿಯುವ ವರದಿಯಪ್ಪನ ಮನೆಯೂ ಕೆಳಬೀದಿಯಲ್ಲೇ ಇತ್ತು. ವರದಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಂದ ದೂರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ವರದಿ ಮಾಡಿ ಮೇಲಿನವರಿಗೆ ತೋರಿಸುವುದು ಅವನ ಕೆಲಸವಾದ್ದರಿಂದ ಕಚೇರಿಯವರು ಕಟ್ಟಿದ ಹೆಸರು ಅದು. ಬೆಳಿಗ್ಗೆ ಅವನು ಹೊರಟಾಗ ಹೆಂಡತಿ ಖಾಲಿ ಕೊಡವನ್ನು ತಂದು ಹೊಸ್ತಿಲಿಗೆ ಅಡ್ಡ ಇಟ್ಟಳು.

"ಇವತ್ತು ನಿಮ್ಮ ದೊಡ್ಡ ಸಾಹೇಬ್ರು ಬರ್ತಾರಲ್ಲ. ನಮ್ಮ ಬೀದಿ ದೂರು ಅವರ ಕಣ್ಣಿಗೆ ಬೀಳ್ಬೇಕು."

"ಬೀಳೋ ಹಾಗೆ ಮಾಡ್ತೀನಿ ಕಣೇ. ವರದಿಗೊಂದು ಫಿಲ್ಟರ್ ಹಾಕ್ತೀನಿ."

"ನೀರೇ ಇಲ್ಲ. ಫಿಲ್ಟರ್ ಹಾಕಿ ಗಾಳಿ ಸೋಸ್ತೀರಾ?" ಎಂದಳು. ಕೊಡವನ್ನು ಮಾತ್ರ ಸರಿಸಲಿಲ್ಲ. ಅವನು ದಾಟಿಕೊಂಡೇ ಹೋದ.

ಕಚೇರಿಗೆ ಬಂದವನೇ ವರದಿಯ ನೆತ್ತಿಯ ಮೇಲೆ ಪುಟ್ಟದೊಂದು ಚೌಕ ಕೂರಿಸಿದ. ಪಕ್ಕದಲ್ಲಿ 'ಹಳೆಯ ದೂರು ಮೊದಲು' ಎಂದು ಬರೆದ. ಟಿಕ್ ಹಾಕಿದರೆ ಸಾಕು, ತಳದಲ್ಲೆಲ್ಲೋ ಬಿದ್ದಿದ್ದ ಕೆಳಬೀದಿ ಮೇಲೆದ್ದು ಮೊದಲ ಸಾಲಿನಲ್ಲಿ ಕೂರುತ್ತಿತ್ತು. ಹಡೆದವಳು ಕೂಸಿನ ಮುಖ ನೋಡುವಂತೆ ಅವನು ಅದನ್ನು ನೋಡುತ್ತಿದ್ದಾಗ ಹಿಂದಿನಿಂದ ಇಂಜಿನಿಯರ್ ಬಗ್ಗಿದ.

"ಇಂಥ ಚೌಕ ಇಡೋಕೆ ಬರುತ್ತೇನಯ್ಯಾ? ಇಷ್ಟು ದಿನ ಹೇಳ್ಲೇ ಇಲ್ಲ. ನನಗೂ ಒಂದು ಹಾಕು. 'ಅಗೆದ ಜಾಗ ಬಿಟ್ಟು' ಅಂತ."

"ಅಗೆದು ಬಿಟ್ಟಿರೋದರ ಮೇಲೇ ಅಲ್ವಾ ಸಾರ್ ದೂರು?"

"ಗುಂಡಿ ರಸ್ತೇಲಿ ಕಾಣ್ತಾನೇ ಇದೆ. ವರದೀಲಿ ಬೇರೆ ಯಾಕೆ?"

ಮಾತು ಸ್ಟೋರಿಗೆ ಹೋಯಿತು. ಸ್ಟೋರು ನೋಡಿಕೊಳ್ಳುವ ಅಕ್ಕ ಸೊಂಟದಲ್ಲಿ ಬೀಗದ ಕೈ ಗೊಂಚಲು ಕುಣಿಸುತ್ತಾ ಬಂದಳು. "ಸಾಮಾನಿಲ್ದೆ ನಿಂತ ಕೆಲಸ ಅಂತ ಕಂಡ್ರೆ ನನ್ನ ತಲೆಗೆ ಬರುತ್ತೆ ತಮ್ಮಾ. ಅದನ್ನ ಮರೆ ಮಾಡೋಕೆ ಒಂದು ಚೌಕ. ಅಕ್ಕಾ ಅಂತ ಬಾಯಲ್ಲಿ ಕರೆದ್ರೆ ಸಾಕಾ?"

ಫೋನಿನಲ್ಲಿ ದೂರು ಬರೆದುಕೊಳ್ಳುವ ಹುಡುಗಿಯೂ ತನ್ನ ಮೂಲೆಯಿಂದ ಕತ್ತು ಚಾಚಿದಳು. "ಅಣ್ಣಾ, ಬೀದಿ ಹೆಸರು ಟೈಪ್ ಮಾಡಿ ಮಾಡಿ ಬೆರಳು ಸವೀತು. ಒಂದು ಪಟ್ಟಿ ಮಾಡಿಕೊಡಿ, ಆರಿಸಿಕೊಳ್ತೀನಿ." ಬೀದಿಗಳನ್ನೆಲ್ಲ ಕೂತು ಬರೆಯಲು ಪುರುಸೊತ್ತೆಲ್ಲಿ? ವರದಿಯಲ್ಲಿ ಕಾಣುವ ಬೀದಿಗಳೇ ತಾವಾಗಿ ಅವಳ ಪಟ್ಟಿಗೆ ಬರುವಂತೆ ಜೋಡಿಸಿಕೊಟ್ಟ.

ಕೊನೆಗೆ ಕಚೇರಿಯ ಸಾಹೇಬರೇ ಕುರ್ಚಿ ಎಳೆದುಕೊಂಡು ಕೂತರು. "ಮೂರು ಸಲಕ್ಕಿಂತ ಜಾಸ್ತಿ ದೂರು ಕೊಡೋರು ಜಗಳಗಂಟರು. ಅವರನ್ನ ತೆಗಿ. ಈ ಕೆಳಗೆ ಉಳಿದಿರೋ ನಾಲ್ಕು ಯಾವುದು?"

"ನಿನ್ನೆ ಬಂದಿದ್ದು ಸಾರ್."

"ನಿನ್ನೆ ಬಂದಿದ್ದು ಇನ್ನೂ ಸುದ್ದಿ ಕಣಯ್ಯಾ, ದೂರಲ್ಲ. ತೆಗಿ. ಆಮೇಲೆ ಈ ಟಿಕ್‌ಗಳನ್ನ ಯಾರೂ ಮುಟ್ಟದ ಹಾಗೆ ಪಾಸ್‌ವರ್ಡ್ ಹಾಕು. ಅದು ನನ್ನೊಬ್ಬನಿಗೇ ಗೊತ್ತಿರ್ಲಿ."

ಕೇಳಿದವರಿಗೆಲ್ಲ ಚೌಕ ಹಾಕಿಕೊಟ್ಟು, ಹೇನು ತೆಗೆಯಲು ಹೋಗಿ ತಲೆಯನ್ನೇ ಬೋಳಿಸಿದ ಹಾಗಾಯಿತು ವರದಿ. ಕೆಳಬೀದಿ ಅಗೆದ ಜಾಗವೂ ಹೌದು, ಸಾಮಾನಿಲ್ಲದೆ ನಿಂತ ಕೆಲಸವೂ ಹೌದು. ಇನ್ನು ಜಗಳಗಂಟರ ಲೆಕ್ಕದಲ್ಲಂತೂ ಮೊದಲ ಹೆಸರು ಅವನ ಹೆಂಡತಿಯದೇ.

"ಸಾರ್, ನಮ್ಮ ಬೀದಿ ದೂರು…"

"ನಿಮ್ಮ ಬೀದಿ ಎಲ್ಲಿಗೆ ಓಡಿಹೋಗುತ್ತೆ? ದೊಡ್ಡ ಸಾಹೇಬ್ರು ಹೋದ್ಮೇಲೆ ನೋಡೋಣ."

ಊಟದ ಹೊತ್ತು ಕಳೆದ ಮೇಲೆ ಫೋನಿನ ಹುಡುಗಿ ಬಂದು ತಲೆ ಕೆರೆದುಕೊಂಡಳು. "ಅಣ್ಣಾ, ಈಗ ಕೆಳಬೀದಿಯವರೊಬ್ರು ಫೋನ್ ಮಾಡಿದ್ರು. ಪಟ್ಟಿ ಬಿಚ್ಚಿದ್ರೆ ಕೆಳಬೀದಿ ಹಾಗಿರ್ಲಿ, ಒಂದು ಸಂದೀನೂ ಇಲ್ಲ."

ವರದಿಯಪ್ಪ ಪಟ್ಟಿಯನ್ನು ತಾನೇ ಬಿಚ್ಚಿ ನೋಡಿದ. ವರದಿಯಲ್ಲಿ ದೂರಿದ್ದರೆ ತಾನೇ ಪಟ್ಟಿಯಲ್ಲಿ ಬೀದಿ? ಪಟ್ಟಿಯಲ್ಲಿ ಬೀದಿಯಿದ್ದರೆ ತಾನೇ ಹೊಸ ದೂರು? ತನ್ನ ಬಾಲವನ್ನೇ ಕಚ್ಚಲು ಸುತ್ತುವ ನಾಯಿಯನ್ನು ಅವನು ತನ್ನ ಕೈಯಾರೆ ಸಾಕಿಬಿಟ್ಟಿದ್ದ.

"ನೀನೇನಂದೆ?"

"ಅಂಥ ಬೀದಿ ನಮ್ಮಲ್ಲಿ ಇಲ್ಲಮ್ಮ ಅಂದೆ. ಆಯ್ತಮ್ಮ ಅಂತ ಇಟ್ಬಿಟ್ರು. ದನಿ ನಿಮ್ಮನೆಯವರ ಥರಾನೇ ಇತ್ತು."

ಬೈದಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ಹೆಂಡತಿ ಒಂದೇ ಮಾತಿಗೆ 'ಆಯ್ತು' ಎಂದದ್ದು ಮದುವೆಯಾದಂದಿನಿಂದ ಅವನಿಗೆ ನೆನಪಿರಲಿಲ್ಲ.

ದೊಡ್ಡ ಸಾಹೇಬರು ಬಂದರು. ಪರದೆಯ ಮೇಲೆ 'ಬಾಕಿ ದೂರು: ಸೊನ್ನೆ' ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ವರದಿಯಪ್ಪನ ಕೈ ಕುಲುಕಿ, "ಈ ಏರ್ಪಾಡು ಎಲ್ಲ ಕಚೇರಿಗಳಿಗೂ ಬೇಕು. ಇವರನ್ನೇ ಕಳಿಸಿ," ಎಂದರು. ಅವನ ಕೈ ಇನ್ನೂ ಅವರ ಕೈಯಲ್ಲಿದ್ದಾಗಲೇ ಬಾಗಿಲಲ್ಲಿ ಕೊಡಗಳ ಸದ್ದು ಕೇಳಿತು.

ಕೆಳಬೀದಿಯ ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಗಲಾಟೆಯಿಲ್ಲ, ಕೂಗಾಟವಿಲ್ಲ. ಕೊಡಗಳನ್ನು ಮೇಜುಗಳ ನಡುವೆ ಇಟ್ಟು, ನಡುಮನೆಯಲ್ಲಿ ಕೂರುವಂತೆ ಗೋಡೆಗೊರಗಿ ಕೂತರು. ಅವನ ಹೆಂಡತಿ ಅವನ ಮೇಜಿನ ಪಕ್ಕದಲ್ಲೇ ಜಾಗ ಮಾಡಿಕೊಂಡಳು.

"ಯಾವ ಬೀದಿಯವರಮ್ಮಾ ನೀವೆಲ್ಲ?" ದೊಡ್ಡ ಸಾಹೇಬರು ಕೇಳಿದರು.

"ಅದನ್ನ ಇವರನ್ನೇ ಕೇಳಿ ಸಾರ್. ಪಟ್ಟಿ ಇವರ ಹತ್ರ ಇದೆ," ಎಂದು ಹೆಂಡತಿ ಅವನತ್ತ ಕೈ ತೋರಿಸಿದಳು.

ಕಚೇರಿಯ ಸಾಹೇಬರು ಅವನ ಕಿವಿಯಲ್ಲಿ ಉಸುರಿದರು: "ನಿನ್ನ ಹೆಂಡ್ತಿ ಅಲ್ವೇನಯ್ಯಾ? ಎಲ್ಲರನ್ನೂ ಎಬ್ಬಿಸಿ ಮನೆಗೆ ಕಳಿಸೋಕೆ ಹೇಳು."

ವರದಿಯಪ್ಪ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ: "ಏಳೇ. ಎಲ್ಲರನ್ನೂ ಕರ್ಕೊಂಡು ಮನೆಗೆ ಹೋಗು."

"ಯಾವ ಮನೆಗೆ?" ಎಂದಳು ಅವಳು. "ಅಂಥ ಬೀದೀನೇ ಇಲ್ಲ ಅಂತ ನಿಮ್ಮ ಕಚೇರಿಯವರೇ ಹೇಳಿದ್ರು. ಇಲ್ಲದ ಬೀದಿಗೆ ದಾರಿ ಯಾವುದು ಅಂತ ನಮಗೆ ಯಾರಿಗೂ ತಿಳೀಲಿಲ್ಲ. ನೀರು ಹರಿಯೋ ಬೀದಿ ಒಂದು ತೋರ್ಸಿ, ಆಮೇಲೆ ಮಾತು."

"ನನ್ನ ಕೆಲಸ ಹೋಗುತ್ತೆ ಕಣೇ. ಏಳು."

ಅವಳು ಕೊಡವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ನೆಲ ತಟ್ಟಿದಳು. "ನಿಮ್ಮ ಮನೇನೂ ಅಲ್ಲೇ ಇತ್ತಲ್ಲ. ಬನ್ನಿ, ಕೂತ್ಕೊಳ್ಳಿ. ನಾನಂತೂ ಏಳಲ್ಲ."