ದೊರೆಯ ಕುದುರೆಗೆ ಲಿಥಿಯಂ ಬ್ಯಾಟರಿ

ಸಾಮ್ರಾಜ್ಯಗಳು ಹುಟ್ಟಿ ಮುಳುಗಿವೆ, ನದಿಗಳು ದಾರಿ ಬದಲಿಸಿವೆ. ಭಾವ ಬರೆದ ವೀರಕಾವ್ಯದ ದೊರೆ ಮಾತ್ರ ವರ್ಷಗಟ್ಟಲೆಯಿಂದ ಒಂದು ಕಾಲು ನೆಲದ ಮೇಲೆ, ಇನ್ನೊಂದು ಕಾಲು ರಿಕಾಪಿನಲ್ಲಿಟ್ಟು ಕುದುರೆಯ ಪಕ್ಕ ನಿಂತೇ ಇದ್ದ. ಅವನು ದಂಡೆತ್ತಿ ಹೊರಟರೆ ಭೂಮಿ ನಡುಗುತ್ತದೆಂದು ಬೀದಿಗೆಲ್ಲ ಗೊತ್ತಿತ್ತು. ಹೊರಟಿದ್ದನ್ನು ಕಂಡವರಿಲ್ಲ.

ಕಾರಣವಿಷ್ಟೇ. ಸಂಜೆ ಕರೆಂಟು ಹೋದೊಡನೆ, ತನ್ನ ಮನೆ ಕತ್ತಲೆಂದು ಭಾವ ಹಾಳೆಗಳ ಕಟ್ಟು ಹಿಡಿದು ಪಕ್ಕದಲ್ಲೇ ಇದ್ದ ತಂಗಿಯ ಮನೆಗೆ ಬರುತ್ತಿದ್ದ. ವೀರಕಾವ್ಯವನ್ನು ನಡುವಿನಿಂದ ಓದಬಾರದೆಂದು ಪ್ರತಿಸಲವೂ ಮೊದಲಿನಿಂದ ಶುರುಮಾಡುತ್ತಿದ್ದ. ದೊರೆಯ ಕಾಲು ರಿಕಾಪು ಮುಟ್ಟುವ ಹೊತ್ತಿಗೆ ಸರಿಯಾಗಿ ಯುಪಿಎಸ್ಸಿನ ಮುದಿ ಬ್ಯಾಟರಿ ‘ಕೀ…’ ಎಂದು ಪ್ರಾಣ ಬಿಡುತ್ತಿತ್ತು. ದೀಪ ಆರುತ್ತಿತ್ತು. ಭಾವ ಎದ್ದು ಹೋಗುತ್ತಿದ್ದ. ತಂಗಿಯ ಗಂಡ ಆ ಬ್ಯಾಟರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಈಗ ಅದನ್ನೇ ಕಿತ್ತು ಬಾಗಿಲಾಚೆ ಇಟ್ಟಿದ್ದರು.

ಗಂಡ: ಯಾರನ್ನ ಕೇಳಿ ಕಿತ್ತೆಯಪ್ಪ? ಇನ್ನೂ ಉಸಿರಾಡ್ತಿತ್ತು ಅದು!

ಬ್ಯಾಟರಿಯವನು: ಹತ್ತು ನಿಮಿಷ ಬರೋದನ್ನ ಉಸಿರು ಅಂತಾರಾ ಸಾರ್? ಲಿಥಿಯಂ ಹಾಕ್ತಿದ್ದೀನಿ. ನಾಲ್ಕು ಗಂಟೆ ಅಲ್ಲಾಡಲ್ಲ.

ಗಂಡ: (ಎದೆ ಹಿಡಿದುಕೊಂಡು) ನಾಲ್ಕು ಗಂಟೆ!

ಹೆಂಡತಿ: ನಾನೇ ಕರೆಸಿದ್ದು ಕಣ್ರೀ. ಆಸಿಡ್ ಸೋರಿ ಕಾಲೊರಸು ತೂತಾಗಿದೆ. ಅದೂ ಅಲ್ದೆ, ಪಾಪ, ಅಣ್ಣನ ದೊರೆ ಇನ್ನೆಷ್ಟು ದಿನ ಒಂಟಿಕಾಲಲ್ಲಿ ನಿಂತಿರ್ಬೇಕು?

ಗಂಡ: ಅವನಿಗೆ ಅಭ್ಯಾಸ ಆಗಿರತ್ತೆ ಬಿಡೇ. ಈಗ ಹತ್ತಿ ಕೂತ್ರೆ ಮಂಡಿ ಹಿಡ್ಕೊಳ್ಳತ್ತೆ.

ಹೆಂಡತಿ: ಬ್ಯಾಟರಿಗೆ ನೀರು ಹಾಕೋ ಕೆಲಸ ತಪ್ತು ಅಂತ ಖುಷಿಪಡಿ.

ಗಂಡ: ನೀರು ಹಾಕೋದಂದ್ರೆ ನಂಗೆ ಪ್ರಾಣ!

ಹೆಂಡತಿ: ಹೌದೌದು. ಹೋದ ವರ್ಷದಿಂದ ಒಂದು ತೊಟ್ಟು ಹಾಕಿಲ್ಲ.

ಎಷ್ಟು ಶ್ರದ್ಧೆಯಿಂದ ಹಾಕದೆ ಬಿಟ್ಟಿದ್ದನೆಂದು ಅವಳಿಗೇನು ಗೊತ್ತು! ಅವಳು ಅಡುಗೆಮನೆಗೆ ಹೋದದ್ದೇ ತಡ, ಗಂಡ ಬ್ಯಾಟರಿಯವನನ್ನು ಮೂಲೆಗೆ ಎಳೆದ.

ಗಂಡ: (ಪಿಸುಗುಟ್ಟುತ್ತ) ಅಯ್ಯಾ, ಇದರಲ್ಲೇ ಸ್ವಲ್ಪ ಕೆಟ್ಟದ್ದು ಇದ್ಯಾ?

ಬ್ಯಾಟರಿಯವನು: ಏನ್ ಸಾರ್?

ಗಂಡ: ಸೊರಗಿರೋದು. ನರಳೋ ಅಂಥದ್ದು.

ಬ್ಯಾಟರಿಯವನು: ಲಿಥಿಯಂ ನರಳಲ್ಲ ಸಾರ್. ಕೊನೇವರೆಗೂ ಒಂದೇ ಸಮ ಉರಿಸತ್ತೆ, ಆಮೇಲೆ ತಟ್ಟಂತ ನಿಂತುಬಿಡತ್ತೆ.

ಗಂಡ: ಆ ನಿಲ್ಲೋದನ್ನ ಮೊದಲು ಮಾಡಿ, ಉರಿಸೋದನ್ನ ಆಮೇಲೆ ಮಾಡೋಕಾಗಲ್ವಾ?

ಬ್ಯಾಟರಿಯವನು: ನನ್ನ ಅಂಗಡಿ ಮರ್ಯಾದೆ ಹೋಗತ್ತೆ ಸಾರ್!

ಗಂಡ: ನನ್ನ ಸಂಜೆ ಹೋಗತ್ತಲ್ಲಯ್ಯ! ಹೋಗ್ಲಿ, ಆ ‘ಕೀ’ ಒಂದನ್ನಾದ್ರೂ ಉಳಿಸಿಕೊಡು.

ಬ್ಯಾಟರಿಯವನು: ತುಂಬಿದ ಬ್ಯಾಟರಿ ‘ಕೀ’ ಅಂದ್ರೆ ಅಕ್ಕ ನನ್ನ ಕರೆಸಿ ಬೈತಾರೆ.

ಗಂಡ: ಬೈಸ್ಕೊಳ್ಳಯ್ಯ. ನಾನು ದಿನಾ ಬೈಸ್ಕೊಳ್ಳಲ್ವಾ?

ಬ್ಯಾಟರಿಯವನು ಹೊಸದರ ತಂತಿ ಬಿಗಿದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ದೀಪ ಕಣ್ಣು ಸಹ ಮಿಟುಕಿಸಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಭಾವ ಬಂದ, ಕೂತ, ಗಂಟಲು ಸರಿಮಾಡಿಕೊಂಡ. ಕಹಳೆ ಮೊಳಗಿತು, ನಗಾರಿ ಗುಡುಗಿತು, ದೊರೆ ರಿಕಾಪಿನಲ್ಲಿ ಕಾಲಿಟ್ಟ.

ಭಾವ ನಿಲ್ಲಿಸಿ, ಯುಪಿಎಸ್ ಕಡೆಗೆ ಕಿವಿ ತಿರುಗಿಸಿದ. ಕೆಮ್ಮಿದ. ದೊರೆಯ ಕಾಲನ್ನು ತೆಗೆಸಿ ಇನ್ನೊಮ್ಮೆ ಇಡಿಸಿದ. ಕನ್ನಡಕ ಒರೆಸಿಕೊಂಡ.

ಹೆಂಡತಿ: ಓದಣ್ಣಾ! ಇನ್ನು ದೀಪ ಆರೋ ಭಯ ಇಲ್ಲ.

ಭಾವ: (ಬ್ಯಾಟರಿಯವನಿಗೆ) ‘ಕೀ’ ಅನ್ನಲ್ವೇನಪ್ಪ ಇದು?

ಬ್ಯಾಟರಿಯವನು: ಇಲ್ಲ ಸಾರ್.

ಭಾವ: ಸ್ವಲ್ಪನೂ?

ಬ್ಯಾಟರಿಯವನು: ಇವರೂ ಅದನ್ನೇ ಕೇಳಿದ್ರು ಸಾರ್.

ಹೆಂಡತಿ ಗಂಡನತ್ತ ತಿರುಗಿದಳು. ಅವನು ವೀರಮರಣಕ್ಕೆ ಸಿದ್ಧನಾದವನಂತೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದ.

ಗಂಡ: ಹತ್ತಿಸಿಬಿಡಿ ಭಾವ! ಏನಾಗತ್ತೋ ಆಗ್ಲಿ. ದೊರೆ ಕುದುರೆ ಹತ್ತಲಿ!

ಭಾವ: ಹತ್ತಿಸಬಹುದಪ್ಪ. ಎಲ್ಲಿಗೆ ಕಳಿಸೋದು ಅಂತ ಇನ್ನೂ ಯೋಚನೆ ಮಾಡಿಲ್ಲ.