ದರ್ಜೆಗೆ ತಕ್ಕ ರಕ್ತದೊತ್ತಡ

ನಮ್ಮ ಇಲಾಖೆಯಲ್ಲಿ ರಕ್ತದೊತ್ತಡವನ್ನು ದರ್ಜೆಗನುಗುಣವಾಗಿ ಅಳೆಯಲಾಗುತ್ತದೆ. ಅಧಿಕಾರಿಗಳು ಸೋಫಾದಲ್ಲಿ ಒರಗಿ, ಗುಮಾಸ್ತರು ಸ್ಟೂಲಿನ ಮೇಲೆ ಕೂತು, ಉಳಿದವರು ನಿಂತು ಕೈ ಇಳಿಬಿಟ್ಟು ಪರೀಕ್ಷೆಗೆ ಒಳಗಾಗತಕ್ಕದ್ದು. ಮೇಲಿನವರು ಶಾಂತಸ್ವಭಾವದವರು, ಕೆಳಗಿನವರು ಸಿಡುಕರು ಎಂಬುದು ಈ ಕ್ರಮದಿಂದ ವರ್ಷವರ್ಷವೂ ಸಾಬೀತಾಗುತ್ತಿದೆ.

ಈ ಸಲ ನಿರ್ದೇಶಕರ ಕಾರಿನ ಚಾಲಕನ ಒತ್ತಡ ನೂರ ಐವತ್ತೆರಡಕ್ಕೆ ಹೋಯಿತು. ನೂರ ಐವತ್ತು ದಾಟಿದವನು ಸ್ಟೀರಿಂಗ್ ಮುಟ್ಟುವಂತಿಲ್ಲ. ಸಂಜೆಗೆ ಕೆಲಸದಿಂದ ಬಿಡುಗಡೆ.

"ಸಾರ್, ಮನೇಲಿ ದುಡಿಯೋನು ನಾನೊಬ್ಬನೇ," ಎಂದ ಚಾಲಕ.

"ತೋಳು ಜೋತುಬಿದ್ರೆ ಅಂಕಿ ಏರತ್ತೆ," ಎಂದರು ವೈದ್ಯರು. "ಕೂರಿಸಿ, ಕೈನ ಎದೆ ಮಟ್ಟಕ್ಕಿಟ್ಟು ನೋಡ್ತೀನಿ."

"ನನ್ನೆದುರಿಗೆ ಡ್ರೈವರ್ ಕೂರೋದೇನ್ರೀ?" ಎಂದರು ನಿರ್ದೇಶಕರು.

"ದಿನಾ ಕಾರಲ್ಲಿ ನಿಮ್ಮ ಮುಂದೇನೇ ಕೂರ್ತೀನಲ್ಲ ಸಾರ್."

"ಅದು ಬೆನ್ನು ಹಾಕಿ ಕೂರೋದು. ಅದಕ್ಕೆ ನಿಯಮ ಇದೆ."

ನಿಯಮಕ್ಕೆ ಚ್ಯುತಿ ಬಾರದಂತೆ ಅಧೀಕ್ಷಕರು ದಾರಿ ಹುಡುಕಿದರು. ಚಾಲಕನಿಗೆ ಐದು ನಿಮಿಷದ ಮಟ್ಟಿಗೆ ಅಧಿಕಾರಿಯಾಗಿ ಬಡ್ತಿ ನೀಡಲಾಯಿತು. ಈ ಹೊಸ ಅಧಿಕಾರಿಗಳು ಸೋಫಾದಲ್ಲಿ ಒರಗಿ, ತೋಳಿನಡಿ ದಿಂಬಿಟ್ಟುಕೊಂಡರು. ನೂರ ಇಪ್ಪತ್ತೆಂಟು.

"ಹಾಗಾದ್ರೆ ನಾನು ಪಾಸಲ್ವಾ ಸಾರ್?" ಎಂದು ಕೇಳಿದರು.

"ಪಾಸಾಗಿರೋದು ಅಧಿಕಾರಿ," ಎಂದರು ಅಧೀಕ್ಷಕರು. "ಡ್ರೈವರ್ ಇನ್ನೂ ಫೇಲೇ."

ಬಡ್ತಿ ಹಿಂಪಡೆದರೆ ಒತ್ತಡ ಮತ್ತೆ ಏರುವುದು ಖಚಿತ. ಆರೋಗ್ಯವಂತ ನೌಕರನನ್ನು ಆದೇಶ ಹೊರಡಿಸಿ ರೋಗಿಯನ್ನಾಗಿಸಲು ಇಲಾಖೆಗೆ ಅಧಿಕಾರವಿಲ್ಲ. ಆದ್ದರಿಂದ ಬಡ್ತಿಯನ್ನು ಕಾಯಂಗೊಳಿಸಲಾಯಿತು. ಸಂಬಳ ಮಾತ್ರ ಹಳೆಯದೇ. ಅದು ಏರಿದರೆ ಒತ್ತಡ ಏನಾಗುವುದೆಂದು ಯಾರೂ ಪರೀಕ್ಷಿಸಿಲ್ಲ. ವೈದ್ಯರ ಪ್ರಮಾಣಪತ್ರ ಒರಗಿದ ಭಂಗಿಗಷ್ಟೇ ಅನ್ವಯಿಸುವುದರಿಂದ, ಹೊಸ ಅಧಿಕಾರಿಗಳು ಕರ್ತವ್ಯದ ವೇಳೆಯಲ್ಲಿ ಒರಗಿಯೇ ಇರತಕ್ಕದ್ದು.

ಒರಗಿಕೊಂಡು ಕಾರು ಓಡಿಸಲಾಗದು. ಬೇರೆ ಚಾಲಕನನ್ನು ನೇಮಿಸೋಣವೆಂದರೆ, ಅರ್ಜಿ ಹಾಕಿದವರೆಲ್ಲ ನಿಂತೇ ಪರೀಕ್ಷೆಗೆ ಒಳಗಾಗಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಒರಗಿಯೇ ಇರಬೇಕೆಂಬ ಷರತ್ತಿಲ್ಲದೆ ಚಾಲನಾ ಪರವಾನಗಿ, ತಗ್ಗಿದ ಒತ್ತಡ ಎರಡೂ ಇರುವವರು ಇಲಾಖೆಯಲ್ಲಿ ನಿರ್ದೇಶಕರೊಬ್ಬರೇ ಎಂದು ತಿಳಿದುಬಂತು.

ಈಗ ಕಾರು ವೇಳೆಗೆ ಸರಿಯಾಗಿ ಕಚೇರಿ ತಲುಪುತ್ತಿದೆ. ನಿರ್ದೇಶಕರು ಓಡಿಸುತ್ತಾರೆ. ಹೊಸ ಅಧಿಕಾರಿಗಳು ಹಿಂದಿನ ಸೀಟಿನಲ್ಲಿ ಒರಗಿರುತ್ತಾರೆ.

"ಎಡಕ್ಕಾ ಸಾರ್?"

"ಎಡಕ್ಕೆ ಬೇಡ, ಅಲ್ಲಿ ರಸ್ತೆ ಅಗೆದಿದ್ದಾರೆ. ನೆಟ್ಟಗೆ ಹೋಗಿ. ಕ್ಲಚ್ಚಿಂದ ಕಾಲು ತೆಗೀರಿ, ಎಷ್ಟು ಸಲ ಹೇಳೋದು?"

"ಆಯ್ತು ಸಾರ್," ಎಂದರು ನಿರ್ದೇಶಕರು.